ಸ್ಕಾಟ್ಲೆಂಡಿನ ಕುಲ, ಬೊಮ್ಮಕ್ಕನ ಕಲ್ಲು

ಲಂಗ ತೊಟ್ಟ ಗಂಡಸನ್ನು ಪೊಲೀಸರು ತಪಾಸಣೆ ಮಾಡುವುದನ್ನು ನೀವು ಎಂದಾದರೂ ನೋಡಿದ್ದೀರಾ? ನಾನು ನೋಡಿದೆ. ಕಳೆದ ತಿಂಗಳು, ವಯನಾಡಿನ ಪುಲ್ಪಳ್ಳಿ ದಾಟಿ ಕಾಡಂಚಿಗೆ ಹೋಗುವ ರಸ್ತೆಯ ತಿರುವಿನಲ್ಲಿ.

ನಮ್ಮ ಕಡೆ ಈಗ ಓಡುವ ಗಾಡಿಯನ್ನೆಲ್ಲ ನಿಲ್ಲಿಸುತ್ತಾರೆ. ಕಾಡಿನಲ್ಲಿ ನಕ್ಸಲರಿದ್ದಾರೆ ಎಂದು ಒಂದು ವಾರ ಸುದ್ದಿ, ಇಲ್ಲವೇ ಇಲ್ಲ ಎಂದು ಇನ್ನೊಂದು ವಾರ. ಅದರ ಜೊತೆಗೆ ಭೂಮಿ ಕೊಡಿ ಎಂದು ಅಲ್ಲಲ್ಲಿ ಗುಡಿಸಲು ಹಾಕಿ ಕೂತ ಕಾಡಿನ ಜನರ ಸಮರ, ಎಂದರೆ ಹೋರಾಟ. ಹೀಗಾಗಿ ಪೇಟೆಗೆ ಉಪ್ಪು ತರಲು ಹೊರಟವರ ಚೀಲವನ್ನೂ ಬಿಚ್ಚಿಸುವ ಕಾಲ ಇದು.

ನಮ್ಮ ಜೀಪಿನ ಮುಂದಿನ ಸೀಟಿನಿಂದ ಇಳಿದವರು ಎಪ್ಪತ್ತು ದಾಟಿದ ಬಿಳಿಯ ಮುದುಕರು. ಆರಡಿ ಎತ್ತರ. ಮೇಲೆ ಕೋಟು, ಕೆಳಗೆ ಮೊಣಕಾಲಿನವರೆಗೆ ಹಸಿರು ಚೌಕುಳಿಯ ನೆರಿಗೆ ಲಂಗ, ಸೊಂಟದ ಮುಂದೆ ತೂಗಾಡುವ ತೊಗಲಿನ ಚೀಲ.

"ಇದೆಂದಾ ಟೀಚರೇ, ನಾಟಕಮೋ?" ಪೊಲೀಸಿನವನು ಮಲಯಾಳದಲ್ಲಿ ನನ್ನನ್ನು ಕೇಳಿದ. (ಇಲ್ಲಿ ಒಮ್ಮೆ ಮಕ್ಕಳಿಗೆ ಪಾಠ ಹೇಳಿದರೆ ಸಾಯುವ ತನಕ ಟೀಚರೇ. ರಿಟೈರ್ ಆಗಿ ಮೆಣಸು ಒಣಗಿಸಿಕೊಂಡು ಇದ್ದೇನೆ ಎಂದರೆ ಯಾರೂ ಒಪ್ಪುವುದಿಲ್ಲ.)

ನಾಟಕವಲ್ಲ, ಅವರ ಕುಲದ ಉಡುಪು ಎಂದೆ. ಆತ ಚೀಲಕ್ಕೆ ಕೈ ಹಾಕಿದ. ಸಿಕ್ಕಿದ್ದು ಒಂದು ಬೂದು ಕಲ್ಲು. ಅದನ್ನು ತಿರುಗಿಸಿ, ಮೂಸಿ, ಬಿಸಿಲಿಗೆ ಹಿಡಿದು ನೋಡಿದ. ಸ್ಕಾಟ್ಲೆಂಡಿನಿಂದ ತಂದ ಕಲ್ಲು, ಸತ್ತ ಹಿರಿಯನ ಸಮಾಧಿಯ ಮೇಲೆ ಇಡುವುದಕ್ಕೆ ಎಂದು ನಾನು ಹೇಳಿದಾಗ ಜೋರಾಗಿ ನಕ್ಕು ಸೆಲ್ಯೂಟ್ ಹೊಡೆದು ನಮ್ಮನ್ನು ಬಿಟ್ಟ. ನಾವೂ ನಕ್ಕೆವು. ನಮ್ಮ ಹಿಂದೆ ನಿಂತ ಬಸ್ಸಿನಿಂದ ಇಳಿಸಿದ ಕಾಡುಕುರುಬರ ಹೆಂಗಸರ ಗಂಟುಗಳನ್ನು ಮಾತ್ರ ರಸ್ತೆಯ ಮೇಲೆ ಸುರಿದು ನೋಡುತ್ತಿದ್ದರು. ಅಲ್ಲಿ ಯಾರೂ ನಗುತ್ತಿರಲಿಲ್ಲ.

ಈ ಬಿಳಿಯರಿಗೂ ನನಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಸ್ಕಾಟ್ಲೆಂಡಿನ ಒಂದು ಕುಲದ ಸಂಘದವರು ಇವರು. ಒಂದೇ ಮನೆತನದ ಹೆಸರು ಇಟ್ಟುಕೊಂಡವರೆಲ್ಲ, ಲೋಕದ ಯಾವ ಮೂಲೆಯಲ್ಲಿರಲಿ, ಚಂದಾ ಕಟ್ಟಿ ಸೇರಿಕೊಳ್ಳುವ ಸಂಘ. ಅವರದೇ ಬಣ್ಣದ ಚೌಕುಳಿ, ಅವರದೇ ಲಾಂಛನ, ವರ್ಷಕ್ಕೊಮ್ಮೆ ಜಾತ್ರೆಯಂಥ ಕೂಟ. ಮೂರು ತಿಂಗಳಿಗೊಮ್ಮೆ ಒಂದು ಪತ್ರಿಕೆ. ಅದರಲ್ಲಿ ಯಾರಿಗೆ ಮಗು ಹುಟ್ಟಿತು, ಯಾರು ತೀರಿಕೊಂಡರು, ಯಾವ ದೇಶದ ಯಾವ ಸ್ಮಶಾನದಲ್ಲಿ ನಮ್ಮ ಕುಲದವನ ಗೋರಿ ಸಿಕ್ಕಿತು ಎಂಬ ಸಮಾಚಾರ. ಆ ಪತ್ರಿಕೆಯ ಸಂಪಾದಕಿ ಮಾರ್ಗರೆಟ್ ಎಂಬಾಕೆಯೂ ಬಂದಿದ್ದರು. ಲಂಗದ ಮುದುಕರು ಸಂಘದ ಅಧ್ಯಕ್ಷರು, ಹೆಸರು ಇಯಾನ್.

ನಮ್ಮಲ್ಲಿ 'ನಿಮ್ಮ ಕುಲ ಯಾವುದು' ಎಂಬ ಪ್ರಶ್ನೆ ಕೇಳಿದರೆ ಅರ್ಧ ಜನ ಎದೆಯುಬ್ಬಿಸುತ್ತಾರೆ, ಇನ್ನರ್ಧ ಜನ ಹೊಸ್ತಿಲಿನಿಂದಲೇ ಹಿಂದಕ್ಕೆ ಹೋಗುತ್ತಾರೆ. ಇವರದು ಹಾಗಲ್ಲವಂತೆ. ನಾಯಕನೂ ಕುರಿ ಕಾಯುವವನೂ ಒಂದೇ ಕುಲ, ಒಂದೇ ಹೆಸರು. ಸ್ವಲ್ಪ ಬಣ್ಣ ಕಟ್ಟಿ ಹೇಳಿದ್ದಿರಬಹುದು. ಆದರೂ ಕೇಳುವುದಕ್ಕೆ ಹಿತವಾಗಿತ್ತು.

ಇವರ ಕುಲದ ಒಬ್ಬ ಯುವಕ ಬ್ರಿಟಿಷರ ಕಾಲದಲ್ಲಿ ಕಾಫಿ ಬೆಳೆಯಲು ವಯನಾಡಿಗೆ ಬಂದು ಮಲೇರಿಯಾ ಜ್ವರದಿಂದ ಸತ್ತಿದ್ದ. ಅವನ ಗೋರಿ ನಮ್ಮ ಮುಳ್ಳನ್‌ಕೊಲ್ಲಿಯಿಂದ ಅಷ್ಟೇನೂ ದೂರವಲ್ಲದ ಒಂದು ಎಸ್ಟೇಟಿನಲ್ಲಿದೆ. ಆ ಎಸ್ಟೇಟು ಮುಚ್ಚಿ ಹೋಗಿ ಕಾಲವಾಯಿತು. ಗಿಡಗಳು ಕಾಡಾಗಿವೆ, ಮಾಲೀಕರು ಎಲ್ಲೋ ಇದ್ದಾರೆ. ಈಗ ಅಲ್ಲಿ ಸಮರದ ಗುಡಿಸಲುಗಳಿವೆ. ಕಾಫಿ ಬರುವುದಕ್ಕೆ ಮೊದಲು ಇದು ನಮ್ಮ ಹಾಡಿಯಾಗಿತ್ತು, ನಮಗೇ ಕೊಡಿ ಎಂದು ಕುರುಬರ ಕುಟುಂಬಗಳು ಕೂತಿವೆ. ಅವರ ಮಾತು ನಮ್ಮ ಕನ್ನಡಕ್ಕೆ ಹತ್ತಿರ. ನಮ್ಮ ಹಿರಿಯರು ಎಂದೋ ಹೊಳೆ ದಾಟಿ ಎಚ್.ಡಿ. ಕೋಟೆ ಕಡೆಯಿಂದ ಬಂದವರಾದ್ದರಿಂದ ನನಗೆ ಆ ಮಾತೂ ಬರುತ್ತದೆ, ಮಲಯಾಳವೂ ಬರುತ್ತದೆ, ಹೊಟ್ಟೆಪಾಡಿಗೆ ಕಲಿಸಿದ ಇಂಗ್ಲಿಷೂ ಬರುತ್ತದೆ. ದುಭಾಷಿಯಾಗಿ ಬನ್ನಿ ಎಂದು ಇವರು ಇಳಿದಿದ್ದ ಹೋಂಸ್ಟೇಯವರು ಕರೆದರು. ಹೋದೆ.

ಮೊದಲ ದಿನ ಎಲ್ಲವೂ ಚೆನ್ನಾಗಿಯೇ ಇತ್ತು.

ಸಮರದ ಹುಡುಗರು ಮೊದಲು ದಾರಿಗೆ ಅಡ್ಡ ನಿಂತರು. ಅವರ ಮುಂದಾಳು ಮಾರ, ಮೂವತ್ತರ ಆಸುಪಾಸಿನವನು, ಮಾತಿನಲ್ಲಿ ಖಾರ. "ನಮ್ಮ ಜಾಗ ಕಿತ್ಕೊಂಡವ್ನ ಗೋರಿಗೆ ಪೂಜೆನಾ? ವಾಪಸ್ ನಡೀಲಿ ಇವ್ರು," ಎಂದ. ನಾನು ಇಂಗ್ಲಿಷಿಗೆ ತಿರುಗಿಸುವ ಮೊದಲೇ ಅವನ ದೊಡ್ಡವ್ವ ಬೊಮ್ಮಕ್ಕ ಗುಡಿಸಲಿನಿಂದ ಹೊರಗೆ ಬಂದಳು.

"ಸತ್ತವ್ರ ನೋಡಾಕೆ ಬಂದವ್ರ ತಡೀಬಾರ್ದು ಕಣ್ಲಾ," ಎಂದಳು. ನನ್ನ ಕಡೆ ತಿರುಗಿ, "ಅಷ್ಟು ದೂರದಿಂದ ಹುಡಿಕ್ಕೊಂಡು ಬಂದ್ರಾ ಟೀಚರೇ? ಒಳ್ಳೆ ಜನ ಬಿಡು," ಎಂದಳು.

ಹುಡುಗರು ದಾರಿ ಬಿಟ್ಟರು.

ಬೊಮ್ಮಕ್ಕನನ್ನು ನಾನು ಬಹಳ ವರ್ಷದಿಂದ ಬಲ್ಲೆ. ನಾನು ಕಾಲೇಜಿನಲ್ಲಿದ್ದಾಗ ಆಕೆ ಹೊಸದಾಗಿ ಮದುವೆಯಾದವಳು. ಅದು ಮೊದಲ ನಕ್ಸಲ್ ಗಲಾಟೆಯ ಕಾಲ. ಆಕೆಯ ಗಂಡ ಇದೇ ಎಸ್ಟೇಟಿನಲ್ಲಿ ಕೂಲಿ. ಕಾಡಿನಲ್ಲಿ ಅಡಗಿದ್ದ ಹುಡುಗರಿಗೆ ದಾರಿ ತೋರಿಸಿದ ಎಂದು ಯಾರೋ ಹೇಳಿದರಂತೆ. ತೋರಿಸಿದ್ದನೋ ಇಲ್ಲವೋ, ಈಗ ಹೇಳುವವರಿಲ್ಲ. ಪೊಲೀಸರು ಹಿಡಿದುಕೊಂಡು ಹೋದರು. ಹೊಡೆದದ್ದನ್ನು ಕಂಡವರಿದ್ದರು. ವಾಪಸ್ಸು ಬಂದದ್ದನ್ನು ಕಂಡವರಿಲ್ಲ. ಹೆಣವನ್ನೂ ಕೊಡಲಿಲ್ಲ.

ಈ ಕುರುಬರಲ್ಲಿ ಒಂದು ಪದ್ಧತಿಯಿದೆ. ಸತ್ತವರ ಕರ್ಮವೆಲ್ಲ ಮುಗಿದ ಮೇಲೆ ಮನೆಯವರು ಹೊಳೆಗೆ ಇಳಿದು, ನೀರು ತಿಕ್ಕಿ ನುಣುಪಾದ ಒಂದು ಕಲ್ಲನ್ನು ಆರಿಸಿ ತಂದು ಅತ್ತಿಮರದ ಬುಡದಲ್ಲಿ ಇಡುತ್ತಾರೆ. ತಾತ, ಮುತ್ತಾತ, ಹೆತ್ತವಳು, ಎಲ್ಲರೂ ಅಲ್ಲಿ ಕೂಡಿರುತ್ತಾರೆ. ಅಕ್ಷರ ಕೆತ್ತುವುದಿಲ್ಲ, ಕುಂಕುಮ ಹಚ್ಚುವುದಿಲ್ಲ. ಗೊತ್ತಿಲ್ಲದವರಿಗೆ ಅದು ಬರೀ ಕಲ್ಲು.

ಬೊಮ್ಮಕ್ಕ ಎಷ್ಟೋ ಕಾಲ ಕಾದು, ಹಿರಿಯರು ಸಾಕು ಎಂದ ಮೇಲೆ ಹೊಳೆಗೆ ಹೋಗಿ ಒಂದು ಕಲ್ಲು ತಂದಳು. ಕಪ್ಪು ಕಲ್ಲು, ಅಡ್ಡಕ್ಕೆ ಒಂದು ಬಿಳಿ ಗೆರೆ. ನನಗೇ ಒಮ್ಮೆ ತೋರಿಸಿದ್ದಳು. ಗೋರಿಯಿಲ್ಲ, ಫೋಟೋ ಇಲ್ಲ, ಉಟ್ಟ ಪಂಚೆಯೂ ಉಳಿಯಲಿಲ್ಲ. ಗಂಡ ಎನ್ನುವುದಕ್ಕೆ ಆಕೆಗಿದ್ದದ್ದು ಅದೊಂದೇ.

ಆ ಅತ್ತಿಮರ ಇರುವುದು ಬಿಳಿಯರ ಸ್ಮಶಾನಕ್ಕೆ ಅಂಟಿಕೊಂಡಂತೆ. ಅಥವಾ ನ್ಯಾಯವಾಗಿ ಹೇಳುವುದಾದರೆ, ಬಿಳಿಯರ ಸ್ಮಶಾನ ಅತ್ತಿಮರಕ್ಕೆ ಅಂಟಿಕೊಂಡಿದೆ. ಯಾವುದು ಮೊದಲು ಎಂಬುದೇ ಈಗಿನ ಸಮರ. ತಮ್ಮ ಹಾಡಿ ಇಲ್ಲಿತ್ತು ಎನ್ನುವುದಕ್ಕೆ ಮಾರನ ಕಡೆಯವರು ತೋರಿಸುತ್ತಿದ್ದದ್ದೂ ಆ ಕಲ್ಲುಗಳನ್ನೇ. ಕಂದಾಯ ಇಲಾಖೆಯ ಅಧಿಕಾರಿ ಹಿಂದೊಮ್ಮೆ ಬಂದು ನೋಡಿ, ಹೊಳೆಕಲ್ಲು ಎಲ್ಲ ಕಡೆಯೂ ಇರುತ್ತದೆ ಎಂದು ಹೋಗಿದ್ದರು. ಮತ್ತೆ ಬರುವವರಿದ್ದರು.

ಎರಡನೆಯ ದಿನ ನಾನು ಇರಲಿಲ್ಲ. ಕಬಿನಿಯನ್ನು ದೋಣಿಯಲ್ಲಿ ದಾಟಿ ಬೈರಕುಪ್ಪೆಯಲ್ಲಿ ನೆಂಟರ ಮನೆಯ ನಾಮಕರಣಕ್ಕೆ ಹೋಗಿದ್ದೆ. ಗುಡಿಸಲಿನವರೂ ಇರಲಿಲ್ಲ. ಮುದುಕರು ಮಕ್ಕಳು ಎಲ್ಲ ಸೇರಿ ತಾಲೂಕು ಆಫೀಸಿನ ಮುಂದೆ ಧರಣಿ ಕೂತಿದ್ದರು.

ಸ್ಕಾಟ್ಲೆಂಡಿನವರು ಮಾತ್ರ ಬೆಳಗ್ಗೆಯೇ ಬಂದು ಕೆಲಸಕ್ಕೆ ಇಳಿದಿದ್ದರು. ಸತ್ತ ಹಿರಿಯನಿಗೆ ಕುಲದವರೆಲ್ಲ ಸೇರಿ ಕಲ್ಲಿನ ಗುಪ್ಪೆ ಕಟ್ಟುವುದು ಅವರ ಕಡೆಯ ಮರ್ಯಾದೆ. ಕೂಲಿಯವರನ್ನು ಹಚ್ಚುವಂತಿಲ್ಲ, ಪ್ರತಿ ಕಲ್ಲನ್ನೂ ಕುಲದವನೇ ಹೊರಬೇಕು. ಎಪ್ಪತ್ತು ದಾಟಿದವರು ಬಿಸಿಲಿನಲ್ಲಿ ಕಲ್ಲು ಹೊತ್ತರು. ಊರಿನಿಂದ ತಂದದ್ದು ತಲೆಗೊಂದು ಕಲ್ಲು. ಅಷ್ಟರಿಂದ ಗುಪ್ಪೆ ಆಗುತ್ತದೆಯೇ? ಸುತ್ತ ಹುಡುಕಿದರು. ಪಕ್ಕದಲ್ಲೇ, ಮರದ ಕೆಳಗೆ, ನುಣ್ಣನೆಯ ಚೆಂದದ ಕಲ್ಲುಗಳು ಯಾರೋ ತಮಗಾಗಿಯೇ ಕೂಡಿಟ್ಟಂತೆ ಬಿದ್ದಿದ್ದವು.

ಒಂದೂ ಬಿಡದೆ ಹೊತ್ತರು. ಮಳೆಗೆ ಕುಸಿಯಬಾರದೆಂದು ಪೇಟೆಯ ಗಾರೆ ಮೇಸ್ತ್ರಿಯಿಂದ ಸಿಮೆಂಟು ಹಾಕಿಸಿದರು. ಆತ ಈಚೆಗೆ ಇಲ್ಲಿಗೆ ಬಂದು ನೆಲೆಸಿದವನು, ಅವನಿಗೂ ಗೊತ್ತಿಲ್ಲ. ಎದುರಿಗೆ ಹಿತ್ತಾಳೆ ಫಲಕ. ಸತ್ತವನ ಹೆಸರು, ಕುಲದ ಹೆಸರು, ಲಾಂಛನ.

ಮೂರನೆಯ ದಿನ ಬೆಳಗ್ಗೆ ಪ್ರಾರ್ಥನೆ ಎಂದು ನನ್ನನ್ನು ಕರೆದುಕೊಂಡು ಹೋದರು. ಮಾರ್ಗರೆಟ್ ಕೈಯಲ್ಲಿ ಕ್ಯಾಮೆರಾ, ಪತ್ರಿಕೆಯ ಮುಖಪುಟಕ್ಕೆ ಫೋಟೋ ಬೇಕು. ಇನ್ನೊಬ್ಬರು ಊದುವ ವಾದ್ಯದ ಚೀಲಕ್ಕೆ ಗಾಳಿ ತುಂಬುತ್ತಿದ್ದರು.

ಬೊಮ್ಮಕ್ಕ ಅತ್ತಿಮರದ ಬುಡದಲ್ಲಿ ನಿಂತಿದ್ದಳು. ಬುಡದಲ್ಲಿ ಕಲ್ಲು ಇದ್ದ ಕಡೆಯಲ್ಲೆಲ್ಲ ಹಸಿ ಮಣ್ಣಿನ ಗುಂಡಿ. ಆಕೆ ಅಳುತ್ತಿರಲಿಲ್ಲ. ನನ್ನನ್ನು ಕಂಡದ್ದೇ ಕೇಳಿದಳು.

"ನನ್ ಗಂಡ ಎಲ್ಲಿ ಟೀಚರೇ?"

ನನಗೆ ಒಂದು ಕ್ಷಣ ತಿಳಿಯಲಿಲ್ಲ. ಆಮೇಲೆ ಗುಡಿಸಲಿನ ಜನ ನೋಡುತ್ತಿದ್ದ ಕಡೆ ನೋಡಿದೆ. ಗುಪ್ಪೆ ಕಾಣಿಸಿತು.

ಇಯಾನ್ ಹತ್ತಿರ ಬಂದು, ಅವರು ಏನು ಕೇಳುತ್ತಿದ್ದಾರೆ ಎಂದರು. ಹೇಗೆ ಹೇಳಲಿ? ಯಾವ ಮೇಷ್ಟ್ರು ಇದನ್ನು ಅನುವಾದ ಮಾಡಲು ಕಲಿಸಿದ್ದಾರೆ? ಹೇಳಿದೆ. ಮರದ ಬುಡದ ಪ್ರತಿ ಕಲ್ಲೂ ಒಬ್ಬ ಮನುಷ್ಯ ಎಂದು ಹೇಳಿದೆ. ಈಕೆಯ ಗಂಡನಿಗೆ ಬೇರೆ ಗೋರಿಯಿಲ್ಲ ಎಂದೂ ಹೇಳಿದೆ.

ಆ ಎತ್ತರದ ಮನುಷ್ಯ ಇದ್ದಲ್ಲೇ ನೆಲದ ಮೇಲೆ ಕೂತುಬಿಟ್ಟರು. ಲಂಗ ಮಣ್ಣಾಯಿತು. ಮಾರ್ಗರೆಟ್ ಕ್ಯಾಮೆರಾವನ್ನು ಚೀಲಕ್ಕೆ ತುರುಕಿ ಮುಖ ಮುಚ್ಚಿಕೊಂಡರು. ನನಗೆ ಅವರ ಮೇಲೆ ಸಿಟ್ಟು ಬಂದಿತ್ತು, ಕನಿಕರವೂ ಬಂತು. ಸತ್ತವರ ಬೆಲೆ ಗೊತ್ತಿಲ್ಲದವರು ಮಾಡಿದ್ದರೆ ನಾಲ್ಕು ಮಾತು ಬೈದು ಮುಗಿಸಬಹುದಿತ್ತು. ಗೊತ್ತಿದ್ದವರೇ ಮಾಡಿದರೆ?

ಬೊಮ್ಮಕ್ಕ ಗುಪ್ಪೆಯ ಸುತ್ತ ನಡೆದಳು. ಕೂತು, ಎದ್ದು, ಒಂದೊಂದು ಕಲ್ಲನ್ನೂ ಅಂಗೈಯಿಂದ ಸವರಿದಳು. ಕೆಲವು ಅರ್ಧ ಸಿಮೆಂಟಿನೊಳಗಿದ್ದವು, ಕೆಲವು ಪೂರ್ತಿ ಒಳಗೆ. ಬಿಳಿ ಗೆರೆ ಕಾಣಿಸಲಿಲ್ಲ. ಇನ್ನೊಂದು ಸುತ್ತು ಬಂದಳು. ಇಲ್ಲ. ಸೆರಗಿನಿಂದ ಕೈಯ ಸಿಮೆಂಟು ಪುಡಿ ಒರೆಸಿಕೊಂಡಳು.

"ಒಡೀರಿ ಇದ್ನ!" ಮಾರ ಕೂಗಿದ. ಇಯಾನ್‌ಗೆ ಅನುವಾದ ಬೇಕಾಗಲಿಲ್ಲ. ಎದ್ದು ನಿಂತು, ಹೌದು, ಈಗಲೇ ಒಡೆಯೋಣ, ನಾನೇ ಒಡೆಯುತ್ತೇನೆ ಎಂದರು. ಮೇಸ್ತ್ರಿಯ ಸುತ್ತಿಗೆ ಅಲ್ಲೇ ಇತ್ತು. ಎರಡು ಕೈಯಲ್ಲೂ ಎತ್ತಿಕೊಂಡರು.

"ವೇಂಡ! ಬೇಡ!" ಬೊಮ್ಮಕ್ಕ ಗುಪ್ಪೆಗೆ ಬೆನ್ನು ಕೊಟ್ಟು ನಿಂತಳು. "ಒಳಗೆ ಎಲ್ಲವ್ನೆ ಅಂತ ನಿಮ್ಗೇನು ಗೊತ್ತು? ಆವತ್ತು ಹೊಡ್ದದ್ದು ಸಾಕು. ಇನ್ನೊಂದು ಪೆಟ್ಟು ಬೀಳಬಾರ್ದು ಅವ್ನಿಗೆ."

ನಾನು ಇದನ್ನು ಇಂಗ್ಲಿಷಿನಲ್ಲಿ ಹೇಳಿ ಮುಗಿಸಿದೆ. ಇಯಾನ್ ಸುತ್ತಿಗೆಯನ್ನು ನೆಲದ ಮೇಲೆ ಸದ್ದಾಗದಂತೆ ಇಟ್ಟರು.

ಪ್ರಾರ್ಥನೆ ನಡೆಯಲಿಲ್ಲ. ಮಾರನೆಯ ದಿನ ಅವರೆಲ್ಲ ಸೇರಿ ಫಲಕ ಬದಲಿಸುವ ಮಾತು ತಂದರು. ನಮ್ಮವನ ಹೆಸರಿನ ಪಕ್ಕದಲ್ಲೇ ನಿಮ್ಮವರ ಹೆಸರುಗಳನ್ನೂ ಕೆತ್ತಿಸೋಣ, ಅದೇ ಅಳತೆ, ಅದೇ ಹಿತ್ತಾಳೆ, ಇದು ಎರಡು ಕುಲಗಳ ಗುಪ್ಪೆಯಾಗಲಿ, ನಮ್ಮ ಪತ್ರಿಕೆಯಲ್ಲೂ ಹಾಗೆಯೇ ಬರೆಯುತ್ತೇವೆ ಎಂದರು ಮಾರ್ಗರೆಟ್. ಒಳ್ಳೆಯ ಮಾತು. ಮನಸ್ಸಿನಿಂದ ಬಂದ ಮಾತು. ಬೊಮ್ಮಕ್ಕ ತಲೆಯಾಡಿಸಿ ಬೇಡ ಎಂದಳು.

"ನಾವು ಸತ್ತವ್ರ ಹೆಸ್ರು ಹೇಳಲ್ಲ," ಎಂದಳು. "ಕಲ್ಲು ಇಟ್ಟ ಮೇಲೆ ಹೆಸ್ರು ಎತ್ತಬಾರ್ದು. ಕರ್ದ್ರೆ ಅವ್ರು ಹೋಗೋ ದಾರೀಲಿ ನಿಂತ್ಕೊಂಡು ತಿರುಗಿ ನೋಡ್ತಾರೆ. ಮುಂದಕ್ಕೆ ಹೋಗಾಕಾಗಲ್ಲ."

ನಮ್ಮ ಮನೆಗಳಲ್ಲೂ ಹೊರಟವರನ್ನು ಹಿಂದಿನಿಂದ ಕರೆಯುವುದಿಲ್ಲ, ಅಲ್ಲವೇ? ಬೇಗ ಅರ್ಥವಾಯಿತು ನನಗೆ. ಮಾರ್ಗರೆಟ್‌ಗೆ ಕಷ್ಟವಾಯಿತು. ಹೆಸರು ಹುಡುಕುವುದೇ ಅವರ ಸಂಘದ ಕಸುಬು. ಹೆಸರು ಅಳಿಸಿದರೆ ಮನುಷ್ಯ ಅಳಿದ ಎಂದು ನಂಬಿದವರು ಅವರು. ಹೆಸರು ಬಿಟ್ಟುಕೊಟ್ಟರೆ ಮಾತ್ರ ಮನುಷ್ಯನಿಗೆ ಬಿಡುಗಡೆ ಎಂದು ಇವರು. ಸತ್ತವರನ್ನು ಪ್ರೀತಿಸುವುದಕ್ಕೂ ಇಷ್ಟು ವಿರುದ್ಧ ದಾರಿಗಳಿವೆ ಎಂದು ನನಗಂತೂ ಗೊತ್ತಿರಲಿಲ್ಲ.

ಉಳಿದವರು ಊರಿಗೆ ಹೋದರು. ಇಯಾನ್ ಟಿಕೆಟ್ ಮುಂದಕ್ಕೆ ಹಾಕಿಸಿ ಉಳಿದರು. ಅಧಿಕಾರಿ ಬರುವ ದಿನ ನಾನು ಅಲ್ಲಿರಬೇಕು, ಕಲ್ಲು ಎಲ್ಲಿಂದ ಎತ್ತಿದೆವು ಎಂದು ನಾನೇ ಹೇಳಬೇಕು ಎಂದರು. ಆ ದಿನ ಕಳೆದ ವಾರ ಬಂತು.

ಅಧಿಕಾರಿ ಸರ್ವೆಯವರ ಜೊತೆ ಇಳಿದು ನೇರ ಮರದ ಬುಡಕ್ಕೆ ಹೋದರು. ಬುಡ ಖಾಲಿ. ಗುಪ್ಪೆಯ ಕಡೆ ತಿರುಗಿ ಫಲಕ ಓದಿದರು. "ಇದು ಸಾಯಿಪ್ಪಿನ ಸಮಾಧಿ ಅಲ್ವಾ?" ಎಂದು ಮಾರನನ್ನು ಮಲಯಾಳದಲ್ಲಿ ಕೇಳಿದರು. (ಬಿಳಿಯರಿಗೆ ಇಲ್ಲಿ ಸಾಯಿಪ್ಪು ಎನ್ನುತ್ತಾರೆ.)

ಇಯಾನ್ ಮುಂದೆ ಬಂದರು. ಈ ಬಾರಿ ಪ್ಯಾಂಟು ಹಾಕಿದ್ದರು. ಎಲ್ಲವನ್ನೂ ಹೇಳಿದರು. ಈ ಕಲ್ಲುಗಳನ್ನು ಆ ಮರದ ಕೆಳಗಿನಿಂದ ನಾವು ಎತ್ತಿದೆವು, ಅವು ಇವರ ಹಿರಿಯರು, ತಪ್ಪು ನಮ್ಮದು ಎಂದರು. ಅಧಿಕಾರಿ ಕೈಕಟ್ಟಿಕೊಂಡು ಕೇಳಿದರು. ಸರ್, ಸರ್ ಎಂದರು. ಕೂತುಕೊಳ್ಳಿ ಎಂದು ತಮ್ಮ ಕುರ್ಚಿಯನ್ನೇ ಸರಿಸಿದರು. ಆಮೇಲೆ ಒಂದು ಮಾತೂ ಬಿಡದೆ ಬರೆದುಕೊಂಡರು.

ನನಗೆ ಮೈಯೆಲ್ಲ ಉರಿಯಿತು. ಇಷ್ಟು ವರ್ಷ ಇದೇ ಮಾತನ್ನು ಬೊಮ್ಮಕ್ಕ ಹೇಳಿದ್ದಳು. ಮಾರ ಹೇಳಿದ್ದ. ಧರಣಿ ಕೂತವರೆಲ್ಲ ಕೂಗಿ ಹೇಳಿದ್ದರು. ಕಲ್ಲು ಇದ್ದಲ್ಲೇ ಇದ್ದಾಗ ಅದು ಹೊಳೆಕಲ್ಲು. ಸಮುದ್ರದಾಚೆಯವನು ಬಂದು ಎತ್ತಿ, ಸಿಮೆಂಟು ಬಳಿದು, ತಪ್ಪಾಯಿತು ಎಂದ ಮೇಲೆ ಅದು ಸಾಕ್ಷಿ. ಇಯಾನ್‌ಗೂ ಅದು ತಿಳಿಯಿತು ಎಂದು ಕಾಣುತ್ತದೆ. ಕುರ್ಚಿಯಲ್ಲಿ ಕೂರಲೇ ಇಲ್ಲ.

"ಶರಿ," ಎಂದರು ಅಧಿಕಾರಿ. ಮನುಷ್ಯ ಕೆಟ್ಟವರಲ್ಲ, ಆ ದಿನ ಸಹಾಯ ಮಾಡಬೇಕೆಂದೇ ಇದ್ದರು. "ಸಾಯಿಪ್ಪು ಹೇಳಿದ್ದು ಬರ್ಕೊಂಡೆ. ಆದ್ರೆ ಬರೀ ಕಲ್ಲು ಅಂದ್ರೆ ಮೇಲಿನವ್ರು ಒಪ್ಪಲ್ಲ. ಯಾರ ಕಲ್ಲು ಅಂತ ಹೆಸರು ಬೇಕು. ಎಲ್ಲರದ್ದು ಬೇಡ, ಒಬ್ಬನದ್ದು ಹೇಳಿ ಸಾಕು. ಇಲ್ಲೇ ಹುಟ್ಟಿ, ಇಲ್ಲೇ ಇದ್ದವನು ಒಬ್ಬ."

ಮಾರ ನೆಲ ನೋಡಿದ. ಭೂಮಿಗಾಗಿ ಲಾಠಿ ಏಟು ತಿಂದವನು, ಜೈಲು ಕಂಡವನು. ತನ್ನ ದೊಡ್ಡಪ್ಪನ ಹೆಸರು ಅವನಿಗೆ ಗೊತ್ತಿಲ್ಲವೇ? ಒಂದು ಹೆಸರು ಹೇಳಿದರೆ ನೆಲ ಹತ್ತಿರ ಬರುತ್ತದೆ. ಹೇಳಿದರೆ ಆ ಮನುಷ್ಯ ದಾರಿಯಲ್ಲಿ ನಿಲ್ಲುತ್ತಾನೆ.

ನನಗೂ ಆ ಹೆಸರು ಗೊತ್ತು. ನಾಲಗೆಯ ತುದಿಯಲ್ಲಿತ್ತು. ನಾನೇನು ಅವರ ಕುಲದವಳೇ, ನನಗೆ ಯಾವ ಕಟ್ಟು? ಹೇಳಿಬಿಡಲೇ ಎಂದು ಬೊಮ್ಮಕ್ಕನ ಮುಖ ನೋಡಿದೆ. ಆಕೆ ನನ್ನನ್ನೇ ನೋಡುತ್ತಿದ್ದಳು. ಬಾಯಿ ಮುಚ್ಚಿಕೊಂಡೆ. ಇಲ್ಲಿಯೂ ಬರೆಯುವುದಿಲ್ಲ.

"ಅಮ್ಮಾ, ನಿಮ್ಮ ಒಳ್ಳೇದಕ್ಕೇ ಕೇಳ್ತಾ ಇರೋದು," ಅಧಿಕಾರಿ ಪೆನ್ನು ಹಿಡಿದು ಕಾದರು. "ನಿಮ್ಮ ಗಂಡನ ಹೆಸರೇನು?"

ಬೊಮ್ಮಕ್ಕ ಗುಪ್ಪೆಯ ಮೇಲಿನಿಂದ ಕೈ ತೆಗೆಯಲಿಲ್ಲ. ಆಕೆಯ ಮಾತಿನಲ್ಲಿ ಸಿಟ್ಟಿರಲಿಲ್ಲ, ತಿಳಿಯದ್ದನ್ನು ಕೇಳುವವರ ಹಾಗೆಯೇ ಕೇಳಿದಳು.

"ನನ್ನ ಯಾಕೆ ಕೇಳ್ತೀರಿ ಸಾರೇ? ಆವತ್ತು ಜೀಪಲ್ಲಿ ಬಂದು, ನನ್ ಬಾಗ್ಲಲ್ಲಿ ನಿಂತ್ಕೊಂಡು, ಹೆಸ್ರು ಹಿಡ್ದು ಕರ್ದವ್ರು ನಿಮ್ಮವ್ರೇ ಅಲ್ವಾ?"